ರಿಮೋಟು ಹಿಡಿದು ಹಿಂದೆ ನಿಂತ ವರ್ಷ

ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಮೂವತ್ತೈದು. ನನ್ನ ಐದನೇ ತರಗತಿಯ ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳು ಆ ದಿನ ಸ್ಲೇಟಿನ ಮೇಲೆ ಹೀಗೇ ಬರೆದಿದ್ದರು. ಅದು ಡಿಸೆಂಬರ್ ತಿಂಗಳು. ಅಂದರೆ ಜೂನ್‌ನಿಂದ ಆರು ತಿಂಗಳು ನಾನು ಅವರಿಗೆ ಗಣಿತ ಕಲಿಸಿದ್ದೆ, ಅಥವಾ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಮಲೆನಾಡಿನ ಪುಟ್ಟ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. 2022ರಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹಳೇ ವಿದ್ಯಾರ್ಥಿಗಳು ದೊಡ್ಡದೊಂದು ಸ್ಮಾರ್ಟ್ ಟಿವಿ ತಂದುಕೊಟ್ಟರು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ದೀಕ್ಷಾ ಆ್ಯಪ್‌ನಲ್ಲಿ ಪಾಠದ ವಿಡಿಯೊ ಸಿಗುತ್ತದೆ. ಅದನ್ನು ಟಿವಿಗೆ ಹಾಕುವುದನ್ನು ನಾಲ್ಕೇ ದಿನದಲ್ಲಿ ಕಲಿತೆ. ಗಲಾಟೆ ಮಾಡುತ್ತಿದ್ದ ಮಕ್ಕಳು ಕಣ್ಣು ಮಿಟುಕಿಸದೆ ಕೂತರು. ಎಷ್ಟು ಖುಷಿಯಾಯಿತು ನನಗೆ! ಆ ಮೌನವನ್ನು ನಾನು ಕಲಿಕೆ ಎಂದು ತಿಳಿದೆ.

ಆ ವರ್ಷ ರಾಜ್ಯದಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮವಿತ್ತು. ಕೋವಿಡ್‌ನಲ್ಲಿ ಕಳೆದುಹೋದದ್ದನ್ನು ತುಂಬಿಕೊಡಲೆಂದು ಪ್ರತಿ ಮಗುವಿಗೂ ಕಲಿಕಾ ಹಾಳೆಗಳು ಬಂದಿದ್ದವು. ನಾನು ಹಾಳೆಯ ಫೋಟೊ ತೆಗೆದು ಟಿವಿಯಲ್ಲಿ ಹಾಕುತ್ತಿದ್ದೆ, ಉತ್ತರ ಹೇಳಿಸುತ್ತಿದ್ದೆ. ಗಟ್ಟಿ ದನಿಯ ಮೂವರು ಹೇಳುತ್ತಿದ್ದರು, ಮಿಕ್ಕವರು ಬರೆದುಕೊಳ್ಳುತ್ತಿದ್ದರು. ಹಾಳೆಗಳೆಲ್ಲ ತುಂಬಿದವು, ಎಲ್ಲವೂ ಸರಿ ಉತ್ತರ. ನಾನು ರಿಮೋಟು ಹಿಡಿದು ಹಿಂದೆ ನಿಂತಿರುತ್ತಿದ್ದೆ. ಅಲ್ಲಿಂದ ಕಾಣುವುದು ಮಕ್ಕಳ ಬೆನ್ನು ಮಾತ್ರ.

ಡಿಸೆಂಬರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಕರೆಂಟ್ ಇರಲಿಲ್ಲ. ಭಾಗಾಕಾರ ಮಾಡಿಸೋಣವೆಂದು ಸ್ಲೇಟು ತೆಗೆಸಿದೆ. ಯಾರ ಭಾಗಾಕಾರವೂ ಮುಂದೆ ಸಾಗಲಿಲ್ಲ. ಎಲ್ಲಿ ಎಡವುತ್ತಿದ್ದಾರೆ ಎಂದು ಹುಡುಕುತ್ತಾ ಹೋದರೆ ಕಳೆಯುವ ಲೆಕ್ಕದಲ್ಲಿ ಸಿಕ್ಕಿತು. ಎರಡರಲ್ಲಿ ಏಳು ಹೋಗುವುದಿಲ್ಲ ಎಂದು ಏಳರಲ್ಲೇ ಎರಡು ಕಳೆದು ಐದು ಬರೆದಿದ್ದರು. "ಹೀಗ್ಯಾಕೆ ಮಾಡಿದೆ?" ಎಂದು ಒಬ್ಬನನ್ನು ಕೇಳಿದೆ. "ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕಲ್ಲ ಮಿಸ್" ಎಂದ. ಅವನ ಮಟ್ಟಿಗೆ ಅದು ನ್ಯಾಯವೇ. ದಶಕ ತೆಗೆದುಕೊಳ್ಳುವುದನ್ನು ಕಲಿಯಬೇಕಾದ ಮೂರನೇ ತರಗತಿಯಲ್ಲಿ ಇವರಿಗೆ ಶಾಲೆಯೇ ಇರಲಿಲ್ಲ; ಅದು 2020. ಆಗ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ವಿದ್ಯಾಗಮ ಕಾರ್ಯಕ್ರಮದಲ್ಲಿ ದೇವಸ್ಥಾನದ ಜಗಲಿ ಮೇಲೆ ಒಂದಿಷ್ಟು ದಿನ ಇವರಿಗೇ ಪಾಠ ಮಾಡಿದ್ದೆ. ಕೈಯಲ್ಲಿ ಸೀಮೆಸುಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ಆಗ ಗೊತ್ತಾಗುತ್ತಿತ್ತು. ಅದಾಗಿ ಎರಡೇ ವರ್ಷಕ್ಕೆ, ಅದೇ ಮಕ್ಕಳ ಸ್ಲೇಟು ನೋಡುವುದನ್ನೇ ಬಿಟ್ಟಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ತೆಂಗಿನ ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿದೆವು. ಐದು ಕಟ್ಟು, ಎರಡು ಬಿಡಿ. ಇಪ್ಪತ್ತೇಳು ಕೊಡಿ ಎಂದೆ. ಎರಡು ಕಟ್ಟು ಸಲೀಸಾಗಿ ಬಂದವು. ಏಳು ಬಿಡಿ ಕಡ್ಡಿ ಎಲ್ಲಿಂದ ತರುವುದು? ಆರು ತಿಂಗಳಲ್ಲಿ ಒಮ್ಮೆಯೂ ತಾನಾಗಿ ಬಾಯಿಬಿಡದಿದ್ದ ಹುಡುಗಿಯೊಬ್ಬಳು ಒಂದು ಕಟ್ಟನ್ನು ಕೈಗೆತ್ತಿಕೊಂಡು ನನ್ನ ಮುಖ ನೋಡಿದಳು. "ಬಿಚ್ಲಾ ಮಿಸ್?" ಎಂದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಿದಳು. ಬಿಡಿ ಕಡ್ಡಿ ಹನ್ನೆರಡಾದವು. ಏಳು ಎಣಿಸಿ ನನ್ನ ಕೈಗಿಟ್ಟು, ಉಳಿದದ್ದನ್ನು ಎರಡು ಸಲ ಎಣಿಸಿ "ಇಪ್ಪತ್ತೈದು" ಎಂದಳು, ತೀರಾ ಮೆಲ್ಲಗೆ.

ಟಿವಿಯನ್ನು ನಾನು ದೂರುವುದಿಲ್ಲ. ಸಮುದ್ರವನ್ನೇ ಕಾಣದ ನಮ್ಮ ಮಕ್ಕಳಿಗೆ ಅಲೆಯನ್ನು ಇನ್ಯಾವುದರಿಂದ ತೋರಿಸಲಿ? ಈಗಲೂ ಹಾಕುತ್ತೇನೆ, ಆದರೆ ಮಕ್ಕಳ ಮುಖ ಕಾಣುವಂತೆ ಟಿವಿಯ ಪಕ್ಕದಲ್ಲೇ ನಿಲ್ಲುತ್ತೇನೆ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಸ್ಲೇಟು ಹಿಡಿಸುತ್ತೇನೆ. ಕೆಲವೊಮ್ಮೆ ತಪ್ಪಾದ ಲೆಕ್ಕವೊಂದರ ಫೋಟೊ ತೆಗೆದು, ಯಾರದ್ದೆಂದು ಹೇಳದೆ, ಟಿವಿಯಲ್ಲಿ ತೋರಿಸುತ್ತೇನೆ. ಎಲ್ಲಿ ತಪ್ಪಿದೆ ಎಂದು ಅವರೇ ಎದ್ದು ಬಂದು ಬೆರಳಿಡುತ್ತಾರೆ.

ಆ ಹನ್ನೊಂದು ಮಕ್ಕಳು ಮುಂದಿನ ವರ್ಷ ಆರನೇ ತರಗತಿಗೆಂದು ಪಕ್ಕದೂರಿನ ಶಾಲೆಗೆ ಹೋದರು. ಅವರಲ್ಲಿ ಮೂವರಿಗೆ ಕಳೆಯುವ ಲೆಕ್ಕ ಇನ್ನೂ ಗಟ್ಟಿಯಾಗಿರಲಿಲ್ಲ. ವರ್ಗಾವಣೆ ಪತ್ರ ಕೊಡುವಾಗ ಅವರ ಅಮ್ಮಂದಿರಿಗೆ ಇದನ್ನು ಹೇಳಿದೆ, ಒಂದೊಂದು ಕಡ್ಡಿ ಕಟ್ಟನ್ನೂ ಕೊಟ್ಟೆ.