ಕೈ ಗಟ್ಟಿಯಿರುವಾಗಲೇ

ನಮ್ಮೂರಿನಲ್ಲಿ ಪ್ರಾಯ ಸಂದಿತೆಂಬ ಸುದ್ದಿಯನ್ನು ಮೊದಲು ತಿಳಿಸುವುದು ತೋಡಿಗೆ ಅಡ್ಡ ಹಾಕಿದ ಸಂಕ. ಎರಡು ಅಡಿಕೆ ಮರಗಳನ್ನು ಜೋಡಿಸಿದ ಆ ದಾರಿಯನ್ನು ಹಲವು ದಶಕ ಕೊಡೆ ಹಿಡಿದು, ಪುಸ್ತಕದ ಚೀಲ ಹೊತ್ತು, ಕೆಳಗೆ ನೋಡದೆಯೇ ದಾಟಿದವನು ಒಂದು ಆಟಿ ತಿಂಗಳಲ್ಲಿ ಈಚೆ ತುದಿಯಲ್ಲೇ ನಿಂತುಬಿಡುತ್ತಾನೆ. ಕಾಲಿನ ಬಲ ಕುಂದಿರಲಿಕ್ಕಿಲ್ಲ. ಜಾರಿದರೆ ಮುಂದೇನೆಂಬ ಲೆಕ್ಕ ಮನಸ್ಸಿಗೆ ತಿಳಿದಿರುತ್ತದೆ. ಆಗ ಆಚೆಯಿಂದ ಯಾರೋ ಒಬ್ಬ ಹುಡುಗ ಬಂದು ಕೈ ನೀಡುತ್ತಾನೆ. ಆ ಕೈಯನ್ನು ಹಿಡಿದುಕೊಳ್ಳುವುದನ್ನೂ ಕಲಿಯಬೇಕಾಗುತ್ತದೆ.

ಎಪ್ಪತ್ತು ದಾಟಿದ ಮೇಲೆ ನನಗೆ ದಕ್ಕಿದ ತಿಳಿವನ್ನು ಬರೆದುಕೊಡಬೇಕೆಂದು ಕನ್ನಡ ವಿಭಾಗದವರು ಕೇಳಿದ್ದಾರೆ. ನನ್ನಲ್ಲಿರುವುದು ದೊಡ್ಡ ತತ್ತ್ವವೇನಲ್ಲ. ಕೊಡಬೇಕಾದುದನ್ನು ಕೈ ಗಟ್ಟಿಯಿರುವಾಗಲೇ ಕೊಡಬೇಕು. ಕೇಳಬೇಕಾದುದನ್ನು ಹೇಳುವವರು ಇರುವಾಗಲೇ ಕೇಳಬೇಕು. ಇಷ್ಟನ್ನು ತಿಳಿಯಲು ನನಗೆ ಶಾಲೆಯ ಮೂವತ್ತು ವರ್ಷಗಳಿಗಿಂತ ತೋಟದ ಹದಿನೈದು ವರ್ಷಗಳು ಹೆಚ್ಚು ನೆರವಾದವು.

ಅಡಿಕೆ ಕೃಷಿಕನು ಹಳೆಯ ಮರಗಳು ಪೂರ್ತಿ ಸೋಲುವ ತನಕ ಕಾಯುವುದಿಲ್ಲ. ಎಳೆಯ ಸಸಿ ಬಿರುಬಿಸಿಲನ್ನು ತಾಳದು. ಪಡುವಣದಿಂದ ಬೀಳುವ ಮಧ್ಯಾಹ್ನದ ಬಿಸಿಲು ಅದರ ಕಾಂಡವನ್ನು ಸುಟ್ಟುಬಿಡುತ್ತದೆ. ಆದುದರಿಂದ ಹಳೆಯ ಮರಗಳು ಫಲ ಕೊಡುತ್ತಿರುವಾಗಲೇ ಅವುಗಳ ನೆರಳಿನಲ್ಲಿ, ಸಾಲುಗಳ ನಡುವೆ, ಹೊಸ ಸಸಿಗಳನ್ನು ನೆಡುತ್ತಾರೆ. ಸಸಿ ಹಿಂಗಾರ ಬಿಡಲು ಐದಾರು ವರ್ಷಗಳಾದರೂ ಬೇಕು. ಅಷ್ಟು ಕಾಲ ಹಳೆಯದೂ ಹೊಸದೂ ಒಂದೇ ಗೊಬ್ಬರವನ್ನು, ಒಂದೇ ನೀರನ್ನು ಹಂಚಿಕೊಂಡು ನಿಲ್ಲುತ್ತವೆ. ಹಳೆಯ ಮರದ ಫಲ ತುಸು ಕಡಿಮೆಯಾದೀತು. ಆದರೆ ತೋಟ ಬರಿದಾಗುವ ವರ್ಷವೆಂಬುದು ಬರುವುದಿಲ್ಲ.

ಮನೆಯಲ್ಲಿಯೂ ಹಾಗೆಯೇ. ಲೆಕ್ಕದ ಪುಸ್ತಕವನ್ನು ಮಗನ ಕೈಗೆ ಕೊಡುವುದು ಸುಲಭ. ಕೊಟ್ಟ ಮೇಲೆ ಪಕ್ಕದಲ್ಲಿದ್ದು ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಅವನು ನಾನು ಮಾಡಿದಂತೆ ಮಾಡಲಾರ, ಮಾಡಬೇಕಾಗಿಯೂ ಇಲ್ಲ. ಕೇಳಿದಾಗ ಹೇಳಲು ನಾನಿದ್ದೇನೆಂಬ ಧೈರ್ಯವೊಂದೇ ನಾನು ಕೊಡಬಹುದಾದ ನೆರಳು.

ಕೊಡುವುದೆಂದರೆ ಆಸ್ತಿ ಮಾತ್ರವಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಪ್ರಮಾಣವನ್ನು ಯಾವ ಕೃಷಿ ಪುಸ್ತಿಕೆಯಲ್ಲಾದರೂ ಓದಬಹುದು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಆದರೆ ಸುಣ್ಣದ ಗುಣ ಪ್ರತಿಸಲ ಒಂದೇ ಆಗಿರುವುದಿಲ್ಲ. ನನ್ನ ತಂದೆ ಹದ ನೋಡಲು ಉಜ್ಜಿ ಹೊಳಪಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಹಾಗೆಯೇ ಹೊಡೆದರೆ ಎಲೆಯೂ ಕಾಯಿಯೂ ಸುಟ್ಟುಹೋಗುತ್ತವೆ. ಈಗ ನಮ್ಮ ತೋಟಕ್ಕೆ ಮದ್ದು ಬಿಡಲು ಬರುವ ತರುಣನಿಗೆ ಇದನ್ನು ಒಮ್ಮೆ ತೋರಿಸಿದೆ. ಮರುವರ್ಷ ಕಾಲಿಗೆ ತಳೆ ಹಾಕಿಕೊಳ್ಳುವ ಮೊದಲು ಅವನೇ ಕತ್ತಿ ಅದ್ದಿ ನೋಡಿ, “ಮಾಷ್ಟ್ರೆ, ಕೆಂಪಾಯ್ತು, ಇನ್ನು ಸ್ವಲ್ಪ ಸುಣ್ಣ ಬೇಕು” ಎಂದನು. ತಂದೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ತಿಳಿವೊಂದು ಅಂದು, ಅವರನ್ನು ಕಂಡೇ ಇಲ್ಲದವನ ಕೈಯಲ್ಲಿ ಬದುಕಿತ್ತು.

ಹೀಗೆ ದಾಟದೆ ಹೋದ ತಿಳಿವಿನ ಕತೆಯೂ ನಮ್ಮ ನೆರೆಯಲ್ಲಿದೆ. ಕಾಸರಗೋಡಿನ ಕೆಂಪು ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳನ್ನು ನೀವೆಲ್ಲ ಬಲ್ಲಿರಿ. ಪಿಕ್ಕಾಸಿನಿಂದ ಅಂಗುಲ ಅಂಗುಲವಾಗಿ ಅಗೆದ ಆ ಕತ್ತಲೆಯೊಳಗಿಂದ ನೀರು ತಾನಾಗಿ ಹರಿದುಬಂದು ಹೊರಗಿನ ಕೆರೆಯಲ್ಲಿ ನಿಲ್ಲುತ್ತದೆ. ಅಂಥ ಒಂದು ಸುರಂಗದ ನೀರು ಎರಡು ಮನೆಗಳಿಗೆ ಸೇರಿದ್ದು. ಯಾರಿಗೆ ಯಾವ ದಿನ, ಹೂಳು ತೆಗೆಸುವ ಖರ್ಚು ಯಾರದು ಎಂಬುದೆಲ್ಲ ಅಲ್ಲಿನ ಹಿರಿಯರೊಬ್ಬರ ನೆನಪಿನಲ್ಲಿತ್ತು. ಅವರನ್ನು ಯಾರೂ ಕೇಳಲಿಲ್ಲ, ಅವರಾಗಿ ಯಾರಿಗೂ ಹೇಳಲಿಲ್ಲ. ಅವರು ತೀರಿಕೊಂಡ ಮರುಬೇಸಗೆಯಲ್ಲೇ ಎರಡು ಮನೆಗಳ ನಡುವೆ ಮಾತು ನಿಂತಿತು. ಮದುವೆಯ ಹೇಳಿಕೆಯೂ ಆಚೀಚೆ ಹೋಗದಾಯಿತು.

ಕೊನೆಗೆ ಒಂದು ಮನೆಯ ಹುಡುಗ ಅಟ್ಟದ ಪೆಟ್ಟಿಗೆಯಿಂದ ಒಂದು ಹಳೆಯ ವಿಭಾಗಪತ್ರವನ್ನು ನನ್ನಲ್ಲಿಗೆ ತಂದನು. “ಮನೆಯಲ್ಲಿ ಮಾತಾಡುವುದು ಕನ್ನಡವೇ ಮಾಷ್ಟ್ರೆ. ಆದರೆ ಇದನ್ನು ಓದಲಿಕ್ಕೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ” ಎಂದನು. ಬರಬೇಕೆಂದರೂ ಹೇಗೆ ಬಂದೀತು? 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರುವ ತನಕ ನಾವು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಅಜ್ಜಂದಿರ ಬಹುಪಾಲು ಕಾಗದಪತ್ರಗಳು ಕನ್ನಡದಲ್ಲಿವೆ. ಅನಂತರದ ತಲೆಮಾರುಗಳು ಓದಿದ್ದು ಬೇರೆ ಬೇರೆ ಮಾಧ್ಯಮಗಳಲ್ಲಿ. ಆ ಪತ್ರದಲ್ಲಿ ಪದಗಳ ನಡುವೆ ಎಡೆಯಿಲ್ಲ, ವಿರಾಮಚಿಹ್ನೆಯಿಲ್ಲ, ಅಕ್ಷರಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಂಡಿವೆ. ಮೂಲಗೇಣಿ, ಚಾಲಗೇಣಿ, ಕುಮ್ಕಿ, ಬೈಲು, ಮಜಲು, ಬೆಟ್ಟು — ಒಂದೊಂದು ಪದದ ಹಿಂದೆಯೂ ಒಂದೊಂದು ಹಕ್ಕಿದೆ, ನೆಲದ ಒಂದೊಂದು ಬಗೆಯಿದೆ. ಎರಡು ಸಂಜೆ ಭೂತಗನ್ನಡಿ ಹಿಡಿದು ಕೂತ ಮೇಲೆ ಸುರಂಗದ ನೀರಿನ ಪಾಲು ಸ್ಪಷ್ಟವಾಗಿ ಸಿಕ್ಕಿತು. ಎರಡೂ ಮನೆಯವರನ್ನು ಕರೆಸಿ ಜಗಲಿಯಲ್ಲಿ ಗಟ್ಟಿಯಾಗಿ ಓದಿದೆ. ಯಾರೂ ಹೆಚ್ಚು ಮಾತಾಡಲಿಲ್ಲ. ಮುಂದಿನ ವಾರ ಎರಡೂ ಕಡೆಯ ಹುಡುಗರು ಸೇರಿ ಸುರಂಗದ ಹೂಳು ತೆಗೆಯುತ್ತಿದ್ದುದನ್ನು ಕಂಡೆ.

ನೀವು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಓದಿರಬಹುದು, ಇಲ್ಲವೇ ಓದಲಿದ್ದೀರಿ. 1968ರಲ್ಲಿ ಪ್ರಕಟವಾದ ಆ ಕಾದಂಬರಿಯ ಅಜ್ಜಿಗೆ ಹಳೆಯದೊಂದು ವಸ್ತುವನ್ನು ಅಂಗೈಯಲ್ಲಿ ಹಿಡಿದರೆ ಸಾಕು, ಅದರ ಹಿಂದಿನ ಕಾಲವೆಲ್ಲ ಕಣ್ಣೆದುರು ಬರುತ್ತದೆ. ಕಾಲೇಜಿನಲ್ಲಿ ಓದಿದಾಗ ನನ್ನನ್ನು ಸೆಳೆದದ್ದು ಅಜ್ಜಿಯ ಆ ಅಪೂರ್ವ ಶಕ್ತಿ. ಈ ಪ್ರಾಯದಲ್ಲಿ ಮತ್ತೆ ಓದುವಾಗ ಕಾಣುವವನು ಮೊಮ್ಮಗ ಸುಬ್ಬರಾಯ. ವಸ್ತುವನ್ನು ತಂದು ಅಜ್ಜಿಯ ಕೈಯಲ್ಲಿಟ್ಟು, ಕೂತು ಕೇಳುವ ತಾಳ್ಮೆ ಅವನಿಗಿರದಿದ್ದರೆ ಅಜ್ಜಿ ಮೂಕಜ್ಜಿಯಾಗಿಯೇ ಉಳಿಯುತ್ತಿದ್ದಳು. ನಮಗೆ ಅಂಥ ದಿವ್ಯದೃಷ್ಟಿಯಿಲ್ಲ. ಓದಬಲ್ಲ ಕಣ್ಣು, ಕೇಳಬಲ್ಲ ಕಿವಿ ಇಷ್ಟೇ ಇವೆ. ಕನ್ನಡವನ್ನು ಐಚ್ಛಿಕವಾಗಿ ಓದುವುದರಿಂದ ಏನು ಪ್ರಯೋಜನವೆಂದು ನಿಮ್ಮನ್ನು ನೆಂಟರು ಕೇಳುತ್ತಿರಬಹುದು. ಆ ಎರಡು ಮನೆಗಳವರು ಕೇಳಲಾರರು.

ಕೊಡುವುದಷ್ಟನ್ನೇ ಹೇಳಿದರೆ ಮಾತು ಅರ್ಧವಾಗುತ್ತದೆ. ಮುದುಕರು ಪಡೆಯುವುದನ್ನೂ ಕಲಿಯಬೇಕು. ಪಿಂಚಣಿ ಪಡೆಯುವವನು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಸಿದ್ಧಪಡಿಸಿ ತೋರಿಸಬೇಕು. ನಮ್ಮಲ್ಲಿ ಅದಕ್ಕೆ ಮಸ್ಟರಿಂಗ್ ಎನ್ನುತ್ತಾರೆ. ಯಂತ್ರದ ಮೇಲೆ ಬೆರಳಿಟ್ಟರೆ ನಾನು ನಾನೇ ಹೌದೆಂದು ಅದು ಒಪ್ಪಬೇಕು. ಒಮ್ಮೆ ನನ್ನ ಮುಂದಿದ್ದ ಅಕ್ಕನೊಬ್ಬರ ಹತ್ತು ಬೆರಳುಗಳನ್ನೂ ಯಂತ್ರ ಒಪ್ಪಲಿಲ್ಲ. ಜೀವಮಾನವಿಡೀ ಬೀಡಿ ಕಟ್ಟಿದ ಬೆರಳುಗಳಲ್ಲಿ ಗೆರೆಗಳೇ ಸವೆದಿದ್ದವು. ಕೌಂಟರಿನಲ್ಲಿದ್ದ ಹುಡುಗಿ ಅವರನ್ನು ಗದರಲಿಲ್ಲ. ಎದ್ದುಬಂದು, ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಗುರುತು ಹಿಡಿದಳು. ಆ ಅಕ್ಕ ನಕ್ಕು, “ಕೈ ಮರೆತರೂ ಕಣ್ಣು ಮರೆಯಲಿಲ್ಲ ನೋಡು ಮಗಳೇ” ಎಂದರು. ನೆರವನ್ನು ಹೀಗೆ ಕುಗ್ಗದೆ, ಬೀಗದೆ ಪಡೆಯಬಹುದೆಂದು ನನಗೆ ಕಲಿಸಿದವರು ಅವರು.

ಈಗ ನನ್ನ ಮತ್ತು ಮೊಮ್ಮಗಳ ನಡುವೆ ಒಂದು ಒಪ್ಪಂದವಿದೆ. ಅವಳ ಶಾಲೆಯ ಭಾಷೆ ಮಲಯಾಳ. ಆಸ್ಪತ್ರೆಯ ಫಲಕ, ಬಸ್ಸಿನ ಬೋರ್ಡು, ಪಂಚಾಯತಿನ ನೋಟೀಸುಗಳನ್ನು ಅವಳು ನನಗೆ ಓದಿ ಹೇಳುತ್ತಾಳೆ, ಅಕ್ಷರಗಳನ್ನೂ ಕಲಿಸುತ್ತಿದ್ದಾಳೆ. ಅಜ್ಜನ ‘಴’ಕಾರ ಅವಳಿಗೆ ದಿನದ ತಮಾಷೆ. ಹಳಗನ್ನಡದಲ್ಲಿ ನಾವು ಕಳೆದುಕೊಂಡ ಆ ಧ್ವನಿ ಅವಳ ಬಾಯಲ್ಲಿ ಜೀವಂತವಾಗಿದೆಯೆಂದು ಹೇಳಿದಂದಿನಿಂದ ಅವಳಿಗೆ ಹಳಗನ್ನಡದ ಮೇಲೆ ಕುತೂಹಲ ಹುಟ್ಟಿದೆ. ಪ್ರತಿಯಾಗಿ ದಿನಕ್ಕೊಂದು ಪುಟ ಕನ್ನಡ ಓದುತ್ತಾಳೆ. ನೆರೆಭಾಷೆಯ ಅಕ್ಷರ ಕಲಿತರೆ ನಮ್ಮ ಭಾಷೆಯ ಹಕ್ಕು ಕುಗ್ಗುವುದಿಲ್ಲ. ಕನ್ನಡದ ಫಲಕ ಬೇಕೆಂದು ಕೇಳುವವನ ಮಾತು, ಎದುರಿನವರ ಭಾಷೆಯನ್ನು ಬಲ್ಲವನಾದರೆ, ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತದೆ.

ನಮ್ಮ ನಾಡಿನ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು. ಅಧ್ಯಾಪಕರಾಗಿ, ಕವಿಯಾಗಿ, ಕೃಷಿಕರಾಗಿ, ಕಾಸರಗೋಡಿನ ಕನ್ನಡದ ಹೋರಾಟಗಾರರಾಗಿ ಬಾಳಿದ ಅವರು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂಬ ಹೆಸರಿಟ್ಟರು. ದುಡಿದವರ ನಾಡಿನಲ್ಲಿ ದುಡಿಮೆಯ ಪದಗಳೇ ಮೊದಲು ಮರೆಯಾಗುತ್ತಿವೆ. ಆದುದರಿಂದ ಕಳೆದ ವರ್ಷದಿಂದ ಒಂದು ಉದ್ದನೆಯ ನೋಟುಪುಸ್ತಕದಲ್ಲಿ ದಸ್ತಾವೇಜುಗಳ ಪದ, ತೋಟದ ಪದ, ಸುರಂಗದ ಪದಗಳನ್ನು ಅರ್ಥಸಹಿತ ಬರೆದಿಡುತ್ತಿದ್ದೇನೆ. ಬರವಣಿಗೆ ನಡುಗುತ್ತದೆ, ಆದರೂ ಓದಬಹುದು.

ವಿದ್ಯಾರ್ಥಿ ಮಿತ್ರರೇ, ಬರುವ ರಜೆಯಲ್ಲಿ ಮನೆಯ ಹಿರಿಯರೊಬ್ಬರ ಬಳಿ ಒಂದು ಮಧ್ಯಾಹ್ನ ಕೂತುಕೊಳ್ಳಿ. ಗದ್ದೆಗಳಿಗೆ ಹೆಸರೇನಿತ್ತು, ನೀರು ಯಾವ ದಾರಿಯಲ್ಲಿ ಬರುತ್ತಿತ್ತು, ಪೆಟ್ಟಿಗೆಯಲ್ಲಿರುವ ಕಾಗದ ಯಾವುದು ಎಂದು ಕೇಳಿ. ಅವರು ಒಂದೇ ಮಾತನ್ನು ಎರಡು ಸಲ ಹೇಳಿದರೆ ಎರಡನೆಯ ಸಲವೂ ಕೇಳಿ. ಎರಡನೆಯ ಸಲ ಹೊಸದೊಂದು ಹೆಸರು ಬಂದೇ ಬರುತ್ತದೆ. ಬರೆದುಕೊಂಡದ್ದನ್ನು ನನಗೂ ತಂದು ತೋರಿಸಿ. ನನ್ನ ನೋಟುಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಪುಟಗಳು ಇನ್ನೂ ಖಾಲಿ ಇವೆ.