ಹಿಮನದಿಯೂ ನಮ್ಮೂರ ಗುಂಡುಗಳೂ

ನನ್ನ ಊರು ಗೌರಸಮುದ್ರ. ಹೆಸರಿನಲ್ಲಿ ಸಮುದ್ರವಿದೆಯೇ ಹೊರತು ಊರು ಕಡಲಿಗೆ ಬಲು ದೂರ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದು ಸಂತೋಷಪಡುವುದು ನಮ್ಮ ನಾಡಿನ ಹಿರಿಯರ ರೂಢಿ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಭಾದ್ರಪದದಲ್ಲಿ ಮಾರಮ್ಮನ ಜಾತ್ರೆಗೆ ಸೇರುವ ಜನರು ಒಬ್ಬರನ್ನೊಬ್ಬರು ಮೊದಲು ಕೇಳುವ ಮಾತು, "ನಿಮ್ಮ ಕಡೆ ಮಳೆ ಹೇಗೆ?" ಎಂಬುದೇ. ಇಂಥ ಊರಿನವನು ಹಿಮನದಿಯ ವಿಷಯ ಬರೆಯಹೊರಟರೆ ನೀವು ನಗಬಹುದು. ಆದರೆ ಹಿಮನದಿಯೇ ನನಗೆ ನನ್ನ ಊರಿನ ಕಲ್ಲುಗಳನ್ನು ನೋಡಲು ಕಲಿಸಿತು. ಅದಕ್ಕೆ ಮೊದಲು ಒಂದು ತಪ್ಪನ್ನೂ ಮಾಡಿಸಿತು.

ನಮ್ಮ ಸೀಮೆಯ ಬೆಟ್ಟಗಳನ್ನು ಕಂಡವರಿಗೆ ಗೊತ್ತು. ಅವು ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ. ಆನೆಯಷ್ಟು ದೊಡ್ಡ ಬಂಡೆಯೊಂದು ಅಂಗೈಯಗಲದ ಆಸರೆಯ ಮೇಲೆ ನಿಂತಿರುತ್ತದೆ. ಬಾಲ್ಯದಲ್ಲಿ ಕುರಿಗಳ ಹಿಂದೆ ಅಜ್ಜನೊಡನೆ ಹೋಗುವಾಗ, "ಇವನ್ನು ಯಾರು ಇಟ್ಟರಜ್ಜ?" ಎಂದು ಕೇಳುತ್ತಿದ್ದೆ. "ಭೀಮನೂ ಹಿಡಿಂಬನೂ ಕಾದಾಡುವಾಗ ಎಸೆದ ಕಲ್ಲು ಕಣಪ್ಪ" ಎಂದು ಅಜ್ಜ ನಗುತ್ತಿದ್ದ. ಆ ಉತ್ತರ ಅಂದಿಗೆ ಸಾಕಾಗಿತ್ತು.

ಮುಂದೆ ನಾನು ಪ್ರೌಢಶಾಲೆಯ ಉಪಾಧ್ಯಾಯನಾದೆ. ಒಂದು ಬೇಸಿಗೆಯ ರಜೆಯಲ್ಲಿ ಗೆಳೆಯರೊಡನೆ ಗಂಗೋತ್ರಿಗೆ ಹೋಗುವ ಅವಕಾಶ ದೊರೆಯಿತು. ಅಲ್ಲಿಂದ ಗೋಮುಖಕ್ಕೆ ಸುಮಾರು 18 ಕಿಲೋಮೀಟರ್ ಕಾಲುದಾರಿ. ಬೆಳ್ಳಿಯಂತೆ ಹೊಳೆಯುವ ಹಿಮವನ್ನು ನಿರೀಕ್ಷಿಸಿದ್ದ ನನಗೆ ಮೊದಲು ನಿರಾಶೆಯಾಯಿತು. ಎದುರಿಗಿದ್ದುದು ಮಣ್ಣು, ಕಲ್ಲು ಮೆತ್ತಿಕೊಂಡ ಮಾಸಲು ಗೋಡೆ. ಹತ್ತಿರ ಹೋದಾಗ ಬಿರುಕುಗಳ ಒಳಗೆ ನೀಲಿ ಬಣ್ಣ ಕಂಡಿತು. ಗೋಡೆಯ ಬುಡದ ಗವಿಯಿಂದ ಭಾಗೀರಥಿ ಭೋರ್ಗರೆದು ಹೊರಬರುತ್ತಿದ್ದಳು. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಮೂತಿಯ ಮುಂದೆ ನಾವು ನಿಂತಿದ್ದೆವು.

ಹಿಮನದಿ ಹೇಗೆ ಹುಟ್ಟುತ್ತದೆ? ಹೊಸದಾಗಿ ಬಿದ್ದ ಹಿಮವು ಹಿಂಜಿದ ಉಣ್ಣೆಯಂತೆ ಹಗುರ. ಅದರಲ್ಲಿ ಬಹುಪಾಲು ಗಾಳಿಯೇ. ಎತ್ತರದ ಕಣಿವೆಗಳಲ್ಲಿ ಒಂದು ವರ್ಷ ಬಿದ್ದ ಹಿಮ ಪೂರ್ತಿ ಕರಗುವ ಮುನ್ನವೇ ಮರುವರ್ಷದ ಹಿಮ ಅದರ ಮೇಲೆ ಬೀಳುತ್ತದೆ. ಪದರದ ಮೇಲೆ ಪದರ ಸೇರಿ ಭಾರ ಹೆಚ್ಚಿದಂತೆ ಅಡಿಯ ಹಿಮದೊಳಗಿನ ಗಾಳಿ ಹೊರಹೋಗಿ, ಅದು ಮೊದಲು ಹರಳು ಹರಳಾಗಿ, ಕೊನೆಗೆ ಗಟ್ಟಿಯಾದ ನೀಲಿ ಮಂಜುಗಡ್ಡೆಯಾಗುತ್ತದೆ. ಈ ರಾಶಿ ಸಾಕಷ್ಟು ದಪ್ಪವಾದಾಗ ತನ್ನ ಭಾರಕ್ಕೆ ತಾನೇ ಬಾಗಿ ಇಳಿಜಾರಿನಲ್ಲಿ ಹರಿಯತೊಡಗುತ್ತದೆ. ಹರಿಯುವ ವೇಗ ಕಣ್ಣಿಗೆ ಕಾಣುವಷ್ಟಲ್ಲ. ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ ಎಂಬ ವಿಜ್ಞಾನಿ 19ನೆಯ ಶತಮಾನದಲ್ಲಿ ಹಿಮನದಿಗೆ ಅಡ್ಡವಾಗಿ ಗೂಟಗಳ ಸಾಲನ್ನು ನೆಟ್ಟು ನೋಡಿದ. ಕಾಲ ಕಳೆದಂತೆ ನಡುವಿನ ಗೂಟಗಳು ಅಂಚಿನ ಗೂಟಗಳಿಗಿಂತ ಮುಂದೆ ಸಾಗಿದ್ದವು.

ಹೀಗೆ ಹರಿಯುವ ಹಿಮದ ಕೈಯಲ್ಲಿ ದೊಡ್ಡ ಉಳಿಯೇ ಇದೆ. ಕರಗಿದ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಮತ್ತೆ ಹೆಪ್ಪುಗಟ್ಟಿದಾಗ ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಸೀಳಿದ ತುಂಡುಗಳನ್ನು ಹಿಮ ಕಿತ್ತು ಒಯ್ಯುತ್ತದೆ. ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳು ಮರಳುಕಾಗದದಂತೆ ನೆಲವನ್ನು ಉಜ್ಜಿ, ಒಂದೇ ದಿಕ್ಕಿಗೆ ಸಾಗುವ ಗೀರುಗಳನ್ನು ಎಳೆಯುತ್ತವೆ. ನದಿ ಕೊರೆದ ಕಣಿವೆಯ ತಳ ಇಕ್ಕಟ್ಟಾದರೆ, ಹಿಮ ಕೊರೆದ ಕಣಿವೆಯ ತಳ ತೊಟ್ಟಿಲಿನಂತೆ ಅಗಲ. ಹಿಮ ಕರಗಿದೆಡೆಯಲ್ಲಿ ಅದು ಹೊತ್ತು ತಂದ ಮಣ್ಣು, ಹರಳು, ಹೆಬ್ಬಂಡೆಗಳೆಲ್ಲ ಒಟ್ಟಿಗೆ ದಿಬ್ಬವಾಗಿ ಉಳಿಯುತ್ತವೆ. ಎಲ್ಲಿಂದಲೋ ಬಂದ ಬಂಡೆ ಬೇರೆ ಜಾತಿಯ ಕಲ್ಲಿನ ಮೇಲೆ ಪರದೇಶಿಯಂತೆ ಕುಳಿತಿರುತ್ತದೆ.

ಅಂಥ ಹೆಬ್ಬಂಡೆಗಳನ್ನು ಗೋಮುಖದಲ್ಲಿ ಕಂಡಾಗ ನನಗೆ ಊರಿನ ಗುಂಡುಗಳು ನೆನಪಾದವು. ಊರಿಗೆ ಮರಳಿ ತರಗತಿಯಲ್ಲಿ ಉತ್ಸಾಹದಿಂದ ಎಲ್ಲವನ್ನೂ ವರ್ಣಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಸಾರ್, ನಮ್ಮ ಬೆಟ್ಟದ ಗುಂಡುಗಳನ್ನೂ ಹಿಮವೇ ತಂದಿಟ್ಟಿತೇ?" ಎಂದು ಕೇಳಿದಳು. ಒಂದು ಕ್ಷಣವೂ ಯೋಚಿಸದೆ, "ಹೌದಮ್ಮ" ಎಂದುಬಿಟ್ಟೆ. ಮಕ್ಕಳು ಬರೆದುಕೊಂಡರು.

ಕೆಲವು ತಿಂಗಳ ಮೇಲೆ ಭೂವಿಜ್ಞಾನ ಓದಿದ ಗೆಳೆಯರೊಬ್ಬರು ಮನೆಗೆ ಬಂದರು. ನನ್ನ ಮಾತನ್ನು ಕೇಳಿ ಅವರು ನಗಲಿಲ್ಲ. ನನ್ನನ್ನು ಬೆಟ್ಟಕ್ಕೆ ಕರೆದೊಯ್ದು, "ಈ ಗುಂಡು ಯಾವ ಕಲ್ಲು? ಅದರ ಅಡಿಯ ನೆಲ ಯಾವ ಕಲ್ಲು?" ಎಂದರು. ನೋಡಿದೆ. ಎರಡೂ ಒಂದೇ ಗ್ರಾನೈಟು. "ಗೀರು ಇದೆಯೇ?" ಇರಲಿಲ್ಲ. ಆಗ ಅವರು ಬಂಡೆಯ ಮೈಯಿಂದ ಸುಲಿದು ಬರುತ್ತಿದ್ದ ಪದರೊಂದನ್ನು ತೋರಿಸಿ, "ನಿಮ್ಮ ಹೊಲದ ಈರುಳ್ಳಿಯನ್ನು ನೆನೆಯಿರಿ" ಎಂದರು. ಗ್ರಾನೈಟಿನಲ್ಲಿ ಅಡ್ಡುದ್ದ ಬಿರುಕುಗಳಿರುತ್ತವೆ. ನೆಲದೊಳಗೆ ಇಳಿದ ನೀರು ಆ ಬಿರುಕುಗಳ ಗುಂಟ ಕಲ್ಲನ್ನು ಕೊಳೆಯಿಸುತ್ತದೆ. ಮೂಲೆಗಳು ಮೊದಲು ಸವೆದು ಚೌಕದ ಬಂಡೆ ಗುಂಡಾಗುತ್ತದೆ. ಸುತ್ತಲಿನ ಪುಡಿಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಇದ್ದಲ್ಲಿಯೇ ಹೊರಬೀಳುತ್ತವೆ. ಅವನ್ನು ಯಾರೂ ತಂದಿಡಲಿಲ್ಲ; ಭೀಮನೂ ಅಲ್ಲ, ಹಿಮವೂ ಅಲ್ಲ. ಈ ಕೆಲಸ ಎಷ್ಟು ನಿಧಾನವೆಂದರೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನು ಬಂಡೆಯ ಮೇಲೆ ಕೆತ್ತಿಸಿದ ಅಕ್ಷರಗಳು 2200ಕ್ಕೂ ಹೆಚ್ಚು ವರ್ಷಗಳು ಕಳೆದರೂ ಅಳಿದಿಲ್ಲ.

ನನಗೆ ನಾಚಿಕೆಯಾಯಿತು. ಅಜ್ಜನಾದರೂ ತನ್ನದನ್ನು ಕಥೆಯೆಂದೇ ಹೇಳಿದ್ದ. ನಾನು ನನ್ನ ಊಹೆಯನ್ನು ಪಾಠವೆಂದು ಹೇಳಿದ್ದೆ.

"ಹಾಗಾದರೆ ಹಿಮಕ್ಕೂ ನಮ್ಮ ನಾಡಿಗೂ ಸಂಬಂಧವೇ ಇಲ್ಲವೇ?" ಎಂದು ಕೇಳಿದೆ. "ಇಲ್ಲವೆಂದೂ ಅವಸರಪಡಬೇಡಿ" ಎಂದರು ಗೆಳೆಯರು. ಒಡಿಶಾದ ತಾಲ್ಚೇರಿನಲ್ಲಿ ಸುಮಾರು 30 ಕೋಟಿ ವರ್ಷಗಳ ಹಿಂದೆ ಹಿಮನದಿಗಳು ಬಿಟ್ಟುಹೋದ ಬಂಡೆಗಳ ಪದರವಿದೆ. ಅದು ಹಿಮದ ಕೆಲಸವೆಂದು 1856ರಲ್ಲಿಯೇ ಬ್ಲಾನ್‌ಫೋರ್ಡ್ ಸಹೋದರರು ಗುರುತಿಸಿದ್ದರು. ಆಗ ಭಾರತದ ನೆಲವು ದಕ್ಷಿಣ ಧ್ರುವದ ಕಡೆಗಿತ್ತು. ನಮ್ಮ ಜಿಲ್ಲೆಯದು ಇನ್ನೂ ಹಳೆಯ ಕಥೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ನಯವಾದ ಪದರುಶಿಲೆಯ ನಡುವೆ ಬಗೆಬಗೆಯ ಕಲ್ಲುಗಳು ಅಲ್ಲೊಂದು ಇಲ್ಲೊಂದು ಹುದುಗಿವೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು, ಅದರ ಮೇಲೆ ತೇಲುತ್ತಿದ್ದ ಹಿಮಗಡ್ಡೆಗಳು ಕರಗಿದಾಗ ಈ ಕಲ್ಲುಗಳು ತಳದ ಕೆಸರಿಗೆ ಬಿದ್ದವು ಎಂದು ಕೆಲವು ಭೂವಿಜ್ಞಾನಿಗಳು 2014ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಕೆಸರು ನಿಧಾನವಾಗಿ ತಂಗುವ ನಿಶ್ಚಲವಾದ ನೀರಿಗೆ ದಪ್ಪ ಕಲ್ಲುಗಳು ಹೇಗೆ ಬಂದವು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು.

ಮುಂದೊಂದು ದಿನ ತಾಳ್ಯಕ್ಕೆ ಹೋಗಿ ಆ ಕಲ್ಲುಗಳನ್ನು ಮುಟ್ಟಿ ನೋಡಿದೆ. ಸುಡು ಬಿಸಿಲು, ಕಲ್ಲು ಕೈಗೆ ಕಾವಾಗಿತ್ತು. ಸಮುದ್ರವೆಂಬ ಹೆಸರು ಮಾತ್ರ ಉಳಿದ ಊರಿನವನಿಗೆ, ಹೆಸರೂ ಉಳಿಯದ ನಿಜವಾದ ಸಮುದ್ರವೊಂದರ ತಳ ಅಲ್ಲಿ ದೊರೆತಿತ್ತು.

ಇಷ್ಟಕ್ಕೂ ಮೊದಲೇ, ಗೆಳೆಯರು ಹೊರಟ ಮರುದಿನ ನಾನು ತರಗತಿಯಲ್ಲಿ ನಿಂತು, "ಮಕ್ಕಳೇ, ಅಂದು ನಾನು ಹೇಳಿದ್ದು ತಪ್ಪು" ಎಂದಿದ್ದೆ. ನಾಲಿಗೆ ಸುಲಭವಾಗಿ ಹೊರಳಿರಲಿಲ್ಲ. ಎಲ್ಲರನ್ನೂ ಬೆಟ್ಟಕ್ಕೆ ಕರೆದೊಯ್ದೆ. ಪ್ರಶ್ನೆ ಕೇಳಿದ್ದ ಹುಡುಗಿ ಗುಂಡಿನ ಕಲ್ಲನ್ನೂ ನೆಲದ ಕಲ್ಲನ್ನೂ ಬಹಳ ಹೊತ್ತು ಹೋಲಿಸಿ ನೋಡಿ, ತನ್ನ ಪುಸ್ತಕದಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿದಳು. ಬಳಿಕ, "ಈ ಸಲ ನಾವೇ ನೋಡಿದ್ದೇವೆ ಸಾರ್" ಎಂದಳು.

ಗೋಮುಖದ ಆ ನೀಲಿ ಗೋಡೆ ಇಂದು ನಾನು ಕಂಡಲ್ಲಿ ಇಲ್ಲ. 1935ರಿಂದೀಚೆಗೆ ಗಂಗೋತ್ರಿ ಹಿಮನದಿಯ ಮೂತಿ ಸುಮಾರು ಒಂದೂವರೆ ಕಿಲೋಮೀಟರ್ ಹಿಂದೆ ಸರಿದಿದೆ. ಭೂಮಿಯ ಬಿಸಿ ಏರುತ್ತಿದೆ. ಬತ್ತಿದ ಕೆರೆಯ ಅಂಗಳದಲ್ಲಿ ಆಡಿ ಬೆಳೆದವರಿಗೆ ನೀರು ಹಿಂದೆ ಸರಿಯುವುದೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಿಮ ಹೋದ ಮೇಲೂ ಕಲ್ಲು ಸಾಕ್ಷಿ ಹೇಳುತ್ತದೆ. ಆದರೆ ಕಲ್ಲಿನ ಬಾಯಿಗೆ ನಮ್ಮ ಮಾತನ್ನು ತುರುಕದೆ, ಅದು ಹೇಳುವುದನ್ನು ಕೇಳುವ ತಾಳ್ಮೆ ನಮಗಿರಬೇಕು.