ನೂರು ಗರಿಗಳ ಲೆಕ್ಕ

ಗೇಮ್ ಆಡಿ ವಿಮರ್ಶೆ ಬರೆಯೋ ನನ್ನಂಥವರಿಗೆ ಅಚೀವ್‌ಮೆಂಟ್ ಹುಚ್ಚು ಹತ್ತಿಸಿದ್ದು 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360. ಒಂದು ಗೇಮ್ ಅರೆದು ಕುಡಿದರೆ ಸಾಮಾನ್ಯವಾಗಿ 1000 ಪಾಯಿಂಟು. ವಿಮರ್ಶೆಗೆ ಅಷ್ಟೆಲ್ಲಾ ಬೇಕಾ?

2007ರ ಅಸ್ಸಾಸಿನ್ಸ್ ಕ್ರೀಡ್‌ನಲ್ಲಿ 420 ಬಾವುಟ ಹುಡುಕಬೇಕಿತ್ತು. ಪಾಯಿಂಟು ಸಿಗುತ್ತೆ, ಕಥೆ ಮಾತ್ರ ಒಂದಿಂಚೂ ಕದಲಲ್ಲ. 2009ರ ಎರಡನೇ ಭಾಗದಲ್ಲಿ 100 ಗರಿಗಳು. ಆಳಂದ ತಾಲ್ಲೂಕಿನ ನಮ್ಮೂರು ಜಿಡಗಾಕ್ಕೆ ರಜೆಗೆ ಹೋದಾಗ ಟಿ.ವಿ. ಮುಂದೆ ಕೂತು ಅವನ್ನೇ ಆರಿಸ್ತಿದ್ದೆ.

“ಗರಿ ಆರಿಸಿ ಏನ್ ಮಾಡ್ತಿಯೋ ತಮ್ಮಾ?” ಅಂದಳು ಅವ್ವ.

“ಗಲ್ಲಿಗೇರಿಸಿದ ಸಣ್ಣ ಹುಡುಗ ಕೂಡಿಸ್ತಿದ್ದ ಯವ್ವಾ. ಈಗ ಅವನ ಅಣ್ಣ ತಂದು ಅವ್ವನ ಪೆಟ್ಟಿಗ್ಯಾಗ ಹಾಕ್ತಾನ. ಆಕಿ ಮಾತ ಬಿಟ್ಟಾಳ.”

“ಹಂಗಾದ್ರ ಲಗೂ ಆರಿಸು!”

ನೂರನೇ ಗರಿಗೆ ಆ ತಾಯಿ ಮಾತಾಡ್ತಾಳೆ. ಜೊತೆಗೊಂದು ಮೇಲುಹೊದಿಕೆ ಸಿಗುತ್ತೆ, ತೊಟ್ಟರೆ ಹೋದಲ್ಲೆಲ್ಲ ಕಾವಲುಗಾರರ ಕಣ್ಣು ನಿಮ್ಮ ಮೇಲೇ :)

ಬಾವುಟವೋ ಗರಿಯೋ, ಮಾಳಿಗೆ ಹತ್ತಿಳಿಯೋ ಬೇಸರ ಒಂದೇ. ಅಚೀವ್‌ಮೆಂಟ್ ಪಟ್ಟಿಗೂ ಎರಡೂ ಬರೀ ಅಂಕಿ. ಒಂದರ ಬೇಸರಕ್ಕೆ ಅರ್ಥ ಇದೆ, ಇನ್ನೊಂದಕ್ಕೆ ಇಲ್ಲ ಅಂತ ಹೇಳೋಕೇ ವಿಮರ್ಶಕ ಬೇಕು. ಮುಖ್ಯ ಕಥೆ ಮುಗಿದ ಕೂಡಲೇ ಬರೆಯೋಕೆ ಕೂತರೆ ಆ ತಾಯಿಯ ದನಿ ಕೇಳಿಸೋದೇ ಇಲ್ಲ... ನೀವೇನಂತೀರಾ?